ಕೊನೆಯ ಸೀಟಿನವರ ಟಿಕೆಟ್

ಸಂಭಾಜಿನಗರದಿಂದ ನಾಸಿಕ್‌ಗೆ ಹೊರಟ ಬಸ್ಸಿನ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಧಾರವಾಡದ ಕಡೆಯ ಗಂಡ-ಹೆಂಡತಿ ಕೂತಿದ್ದರು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಗಂಡ ಪೇಪರು ಅಡ್ಡ ಹಿಡಿದಿದ್ದರು.

“ರೀ, ನಮ್ಮ ರುಚಿತಾ ಎಲ್ಲಿ ಕುಂತಾಳ?”

“ಮುಂದ, ಕಿಟಕಿಗೆ. ನೀ ಎದ್ದು ಎದ್ದು ನೋಡಬ್ಯಾಡ.”

“ನೀರಿನ ಬಾಟ್ಲಿ ಮರ್ತು ಬಂದಾಳ. ನನ್ನ ಕಡೇನ ಅದ.”

“ಹನ್ನೆರಡನೇ ಕ್ಲಾಸಿನ ಹುಡುಗಿ. ಕೊಂಡು ಕುಡೀತಾಳ ಬಿಡು.”

“ಕಾಲೇಜು ನೋಡಲಿಕ್ಕೆ ಒಬ್ಬಾಕೀನ ಹೋಗಿ ಬರ್ಲಿ ಅಂದವರು ನೀವ. ಮುಂದಿನ ವರ್ಷ ಹಾಸ್ಟೆಲ್‌ನ್ಯಾಗ ಇರಬೇಕು, ಈಗಿಂದನ ರೂಢಿ ಆಗ್ಲಿ ಅಂತ.”

“ಒಬ್ಬಾಕೀನ ಹೊಂಟಾಳಲ್ಲ!”

“ಮತ್ತ ನಾವ್ಯಾಕ ಬಂದೀವಿ?”

“ನೀ ಆಕಿ ಹಿಂದ ಚಪ್ಪಲ್ ಹಾಕ್ಕೊಂಡು ಹೊಂಟಿ, ಅದಕ್ಕ.”

“ನಾ ಹಾಕ್ಕೊಳ್ಳೋಕಿಂತ ಮೊದ್ಲ ನೀವು ಬ್ಯಾಂಕಿಗೆ ರಜಾ ಹಾಕಿದ್ರಿ.”

ವಾಳೂಜ್ ದಾಟಿದ ಮೇಲೆ ಕಂಡಕ್ಟರ್ ಹಿಂದಕ್ಕೆ ಬಂದ.

“ಎರಡು ನಾಸಿಕ್,” ಎಂದರು ಗಂಡ, ಮರಾಠಿಯಲ್ಲಿ, ಪೇಪರಿನ ಮರೆಯಿಂದಲೇ.

“ನಿಮ್ಮ ಟಿಕೆಟ್ ಆಗಿದೆ ಕಾಕಾ. ಮುಂದೆ ಕೂತಿರುವ ಹುಡುಗಿ ನಿಮ್ಮಿಬ್ಬರದೂ ತೆಗೆದುಕೊಂಡಳು.”

ಪೇಪರು ಕೆಳಗಿಳಿಯಿತು. ಸೆರಗೂ ಸರಿಯಿತು.

“ನೋಡ್ಯಾಳ್ರೀ ನಮ್ಮನ್ನ,” ಎಂದರು ಹೆಂಡತಿ. “ಹೋಗ್ಲಿ, ಎಲ್ಲಾರೂ ಕೂಡೇ ನಾಸಿಕ್‌ಗೆ ಹೋದ್ರಾತು.”

ಕಂಡಕ್ಟರ್ ಎರಡು ಟಿಕೆಟ್ ಕೈಗೆ ಕೊಟ್ಟ. “ಅವಳದು ನಾಸಿಕ್. ನಿಮ್ಮದು ನಡುದಾರಿಯ ವೈಜಾಪುರದವರೆಗೆ ಮಾತ್ರ.”

ಗಂಡ ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡರು.

ವೈಜಾಪುರ ಬಂದಾಗ ಇಬ್ಬರೂ ಇಳಿದು, ಬಸ್ಸಿನ ಪಕ್ಕ ನಿಂತರು. ಬಸ್ಸು ಹೊರಡುವಾಗ ಮುಂದಿನ ಕಿಟಕಿಯಿಂದ ಒಂದು ಕೈ ಹೊರಬಂತು. ಅಮ್ಮ ಓಡಿ ಹೋಗಿ ಅದಕ್ಕೆ ನೀರಿನ ಬಾಟ್ಲಿ ಕೊಟ್ಟರು.