ಮಾವಾರ ಗಾಡಿಗೆ ಜ್ವರ ಬಂದದ್ದು

...ಅಲ್ರೀ ಅತ್ತಿಯವರ, ಆ ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ! ಒಳಗ ನೀರು ಕೊತಕೊತ ಕುದಿಯಾಕತ್ತೈತಿ, ತಗದ್ರ ಮಾರಿಗೆ ಹಾರತೈತಿ. ಸೆರಗು ಸುತ್ತಿಕೊಂಡ್ರೂ ಬ್ಯಾಡ್ರಿ. ಸೊಲ್ಪ ಹಿಂದ ಸರೀರಿ. ಹಾಂ... ಆ ಬೇವಿನ ಗಿಡದ ನೆರಳಿಗೆ ಬರ್ರಿ. ಹೊಗಿ ಅಲ್ರಿ ಅದು, ಉಗಿ. ಗಾಡಿ ಕೆಟ್ಟಿಲ್ಲ. ಜ್ವರ ಬಂದೈತಿ, ಅಷ್ಟ. ವಯಸ್ಸಾದ ಜೀವ, ನಿಮ್ಮಂಗ... ಇಲ್ರಿ, ನಿಮಗೆಲ್ಲಿ ವಯಸ್ಸಾಗೈತಿ! ಗಾಡಿಗೆ ಅಂದೆ.

ಯಾಕ ಹಂಗ ನೋಡಾಕತ್ತೀರಿ? ನಿಮ್ಮ ಮಾತು ಮರತಿಲ್ರಿ ನಾ. "ಮೊಮ್ಮಗಳ ಅರಿಷಿಣಕ್ಕ ಈ ಗಾಡಿ ನನ್ನ ಮುಂಡರಗಿ ತನಕ ಮುಟ್ಟಿಸಿದ್ರ ನಿಮ್ಮ ಕಡೆನ ಇರಲಿ, ಇಲ್ಲಾಂದ್ರ ಹಿರೇ ಅಳಿಯಾರು ಹೇಳಿದಂಗ ಆಗಲಿ" ಅಂದ್ರಿ. ಹಿರೇ ಅಳಿಯಾರು ಏನ ಹೇಳ್ತಾರ? ನಮ್ಮ ಶಿವಯೋಗಿ ಅಣ್ಣಾರಿಗೆ ಒಂದ ಮಾತು ಬರತೈತಿ. ಗುಜರಿಗೆ ಹಾಕ್ರಿ, ಗುಜರಿಗೆ ಹಾಕ್ರಿ. ಮಗಳು ಮಾಯಾನ ಲಗ್ನ ಇಟಗೊಂಡು ಆ ಮನಷ್ಯಾಗ ನನ್ನ ಗಾಡಿ ಚಿಂತಿ!

ನನ್ನ ಗಾಡಿ ಅಲ್ರಿ, ಖರೆ. ಮಾವಾರ ಗಾಡಿ. ಆದ್ರ ನೀವ ಹೇಳ್ರಿ, ನಾ ಮನಿಅಳಿಯ ಅಂತ ಲಕ್ಷ್ಮೇಶ್ವರದಾಗ ಮಂದಿ ಹಲ್ಲ ಕಿಸಿಯೂಮುಂದ ಮಾವಾರೊಬ್ರ "ಬಾರೋ ಅಂದಪ್ಪಾ, ಬಾನೆಟ್ ಎತ್ತು" ಅಂತಿದ್ರು. ಇಬ್ಬರೂ ತಲಿ ಒಳಗ ಹಾಕಿ ನಿಂತಬಿಡ್ತಿದ್ವಿ. ಅವರು ಹೋದ ಮ್ಯಾಲ ನನಗ ಈ ಗಾಡಿ ಬಿಟ್ರ ಯಾರ ಅದಾರ್ರಿ? ಇಲ್ಲ, ನೀವೂ ಅದೀರಿ. ಆದ್ರ ನೀವು ಮಾತಾಡೂದಿಲ್ಲಲ್ರಿ.

ಕುಂಡ್ರಿ. ಇಂಜಿನ್ ಆರೂ ತನಕ ತಿಳಿಸಿ ಹೇಳ್ತೀನಿ, ಆಮ್ಯಾಲ ನೀವ ಅಂತೀರಿ, ಇದು ಕೆಟ್ಟದ್ದಲ್ಲ ಅಂತ.

ಇಂಜಿನ್ ಅಂದ್ರ ಒಲಿ. ಹಂಗ ಉರಿಯಾಕ ಬಿಟ್ರ ಒಳಗಿನ ಕಬ್ಬಿಣನ ಕೆಟ್ಟ ಹೋಗತೈತಿ. ಅದಕ್ಕ ಒಲಿ ಸುತ್ತಲ ಗೋಡ್ಯಾಗ ನೀರಿಗೆ ಓಣಿ ಮಾಡ್ಯಾರ. ನೀರು ಆ ಓಣ್ಯಾಗ ತಿರಗ್ಯಾಡಿ, ಕಾವು ಹೊತಗೊಂಡು, ಈ ಮ್ಯಾಲಿನ ಪೈಪಿನಾಗಿಂದ ಮುಂದ ಬರತೈತಿ. ಮುಂದ ಈ ಜಾಳಿಗಿ ಐತಲ್ರಿ, ಇದ ರೇಡಿಯೇಟರ್. ಒಳಗ ಶಾವಿಗಿಯಂಥಾ ನಳಗೋಳು. ನೀರು ಅದರಾಗ ಇಳಿಯೂಮುಂದ ಪಂಖಾ ಗಾಳಿ ಎಳೀತೈತಿ. ಆರಿದ ನೀರು ಕೆಳಗಿನ ಪೈಪಿನಾಗಿಂದ ಮತ್ತ ಇಂಜಿನ್ನಿಗೆ. ನೂಕಾಕ ಒಂದು ಪಂಪ್. ಒಟ್ಟ ಏನಂದ್ರ, ಗಂಡನ ಮನ್ಯಾಗ ಕಾಯೂದು, ತವರಮನ್ಯಾಗ ಆರೂದು.

ಯಾಕ ನಗಾಕತ್ತೀರಿ? ನಿಮ್ಮ ಮಗಳಿಗೆ ಅಂದಿಲ್ರಿ. ಆಕಿ ಹಗಲೂ ರಾತ್ರಿ ತವರಾಗ ಅದಾಳ. ಕಾಯಾಂವ ನಾನ.

ನಡುವ ಇನ್ನೊಂದು ಸಣ್ಣ ಬಾಗಲಾ ಐತಿ. ಥರ್ಮೋಸ್ಟಾಟ್ ಅಂತಾರ. ನೀರು ತಣ್ಣಗಿರೂ ತನಕ ಅದು ಬಾಯಿ ಬಿಡೂದಿಲ್ಲ. ನೀವೇನರ ಮಾಡ್ರಿ, ಜಪ್ಪಯ್ಯ ಅಂದ್ರೂ ಬಿಡೂದಿಲ್ಲ. ಭಾಳ ಕಾದ ಮ್ಯಾಲ ಬಿಡತೈತಿ... ಮತ್ತ ನೋಡಾಕತ್ರಿ. ಥರ್ಮೋಸ್ಟಾಟಿನ ವಿಚಾರ ಹೇಳಾಕತ್ತೀನ್ರಿ ನಾ! ನಿಮ್ಮ ವಿಚಾರ ಅಲ್ಲ.

ಈ ಮುಚ್ಚಳಾ ಕುಕ್ಕರಿನ ಸೀಟಿ ಇದ್ದಂಗ. ಒಳಗ ಒತ್ತಿ ಹಿಡೀತೈತಿ, ಅದಕ್ಕ ನೀರು ಜಲ್ದಿ ಕುದಿಯೂದಿಲ್ಲ. ಹಂಗಾರ ಇವತ್ತ ಯಾಕ ಕುದೀತು ಅಂತೀರಿ? ಅನ್ನಲಿಲ್ರಿ? ನಿಮ್ಮ ಹುಬ್ಬು ಅಂತು.

ಏ, ಬ್ಯಾಡ್ರಿ, ಬಸ್ಸಿಗೆ ಕೈ ಮಾಡಬ್ಯಾಡ್ರಿ! ಶಿರಹಟ್ಟಿ ಬಸ್ ಅದು, ಒಳಗ ಕಾಲಿಡಾಕ ಜಾಗ ಇರೂದಿಲ್ಲ... ಹೋತು. ಚಲೋ ಆತು ಬಿಡ್ರಿ.

ಹೇಳ್ತೀನಿ, ಹೇಳ್ತೀನಿ. ರೇಡಿಯೇಟರಿಗೆ ಒಂದು ಸಣ್ಣ ತೂತು ಬಿದ್ದಿತ್ರಿ. ಹಳೇದು, ಸವದಿರತೈತಿ. ನಿನ್ನಿ ನೋಡಿದೆ. ಮಿಸ್ತ್ರಿ ಮರ್ದಾನಸಾಬನ ಗ್ಯಾರೇಜಿಗೆ ಹೋದ್ರ ಬಾಗಲಾ ಹಾಕೈತಿ, ಅಂವನೂ ಯಾರದೋ ಲಗ್ನಕ್ಕ ಹೋಗ್ಯಾನ. ಅದಕ್ಕ ನಾನ ಬಂದ್ ಮಾಡಿದೆ. ಯಾತರಲೆ ಅಂದ್ರ... ಮನಿ ಸಾಮಾನಿನಲೆ. ಲಾರಿ ಡ್ರೈವರ್‌ಗೋಳು ಎಲ್ಲಾರೂ ಮಾಡ್ತಾರ್ರಿ. ಒಂದು ಪುಡಿ. ನೀರಾಗ ಹಾಕಿದ್ರ ತಿರಗಕೋತ ಹೋಗಿ ತೂತಿನ ಬಾಯಿಗೆ ಕುಂತಬಿಡತೈತಿ. ಯಾವ ಪುಡಿ? ಪುಡಿ ಅಂದ್ರ... ಪುಡಿರೀ.

ಗಾಡಿ ಕೆಳಗೇನು ನೋಡ್ತೀರಿ? ಕುದ್ದು ಚೆಲ್ಲಿದ ನೀರು. ಹಳದಿ ಐತಾ? ಜಂಗು ಹಿಡದಿರತೈತ್ರಿ, ಹಳೇ ಕಬ್ಬಿಣಾ ನೋಡ್ರಿ. ಬೆರಳ ಅದ್ದಬ್ಯಾಡ್ರಿ. ಮೂಸಬ್ಯಾಡ್ರಿ. ಅತ್ತಿಯವರ, ಜಂಗು ಯಾರರ ಮೂಸ್ತಾರೇನು?

ಎಲ್ಲಿಗೆ ಹೊಂಟ್ರಿ? ಆ ಚೀಲಾ ಬಿಚ್ಚಬ್ಯಾಡ್ರಿ. ಡಬ್ಬಿ ಮುಚ್ಚಳಾ ತಗೀಬ್ಯಾಡ್ರಿ, ಅರಿಷಿಣಕ್ಕ ಗಾಳಿ ತಗಲತೈತಿ. ಮುತ್ತೈದ್ಯಾರು ಹಾಡ ಹೇಳಿ ಕುಟ್ಟಿದ್ದು, ನೀವ ಮುಂದ ಕುಂತು ಜರಡಿ ಹಿಡಿಸಿದ್ದು, ದಾರ್‍ಯಾಗ ಬಿಚ್ಚಿದ್ರ... ಅಯ್ಯ, ಬಾಯಾಗ ಯಾಕ ಹಾಕ್ಕೊಂಡ್ರಿ?

ಹೌದ್ರಿ. ಡಬ್ಬ್ಯಾಗ ಈಗ ಇರೂದು ಕಡ್ಲಿ ಹಿಟ್ಟು.

ರೇಡಿಯೇಟರಿಗೆ ಒಂದು ಚಿಟಿಕಿ ಅರಿಷಿಣಾ ಅಂತ ಚಾಲೂ ಮಾಡಿದ್ದೆ, ದೇವರಾಣಿ. ಸೋರೂದು ನಿಂದರಲಿಲ್ಲ. ಮುಟಗಿ ಹಾಕಿದೆ, ನಿಂದರಲಿಲ್ಲ. ಅಡಗಿಮನ್ಯಾಗಿಂದು ಮುಗೀತು. ಆಮ್ಯಾಲ ಮಾಯಾನ ಡಬ್ಬಿ ಕಂಡಿತು... ಪೂರಾ ಹಾಕಿದ ಮ್ಯಾಲ ನಿಂತಿತ್ರಿ! ಎಷ್ಟ ಖುಷಿ ಆತು ಗೊತ್ತೇನು? ಆದ್ರ ತೂತಿನ ಜೋಡಿ ಆ ಶಾವಿಗಿಯಂಥಾ ನಳಗೋಳೂ ಕಟ್ಟಿಕೊಂಡಾವ. ನೀರಿಗೆ ಇಳಿಯಾಕ ದಾರಿ ಇಲ್ಲ. ಅದಕ್ಕ ಜ್ವರ. ಲಗ್ನದ ಅರಿಷಿಣಾ ಗಾಡಿ ಕುಡದೈತಿ, ಈಗ ಮದುಮಗಳಂಗ ಹಟಾ ಹಿಡದು ಕುಂತೈತಿ.

ಬೈರಿ. ಬೈರಲ್ಲಾ! ಕಡ್ಲಿ ಹಿಟ್ಟು ಹಚ್ಚಿದ್ರೂ ಮಾರಿ ಹೊಳೀತೈತಿ ಅಂತ ನಿಮ್ಮ ಮಗಳ ಹೇಳ್ತಿರತಾಳ. ಶಿರಹಟ್ಟ್ಯಾಗ ಬ್ಯಾರೆ ಅರಿಷಿಣಾ ಕೊಳ್ಳೋಣು. ಇಲ್ಲ, ಗೊತ್ತೈತಿ, ಅಂಗಡ್ಯಾಗ ಕೊಂಡದ್ದಕ್ಕೂ ಮನ್ಯಾಗ ಕುಟ್ಟಿದ್ದಕ್ಕೂ... ಗೊತ್ತೈತ್ರಿ.

ಮುಂದಕ್ಯಾಕ ಹೋದ್ರಿ? ಆ ಚೆಂಡಹೂವಿನ ಮಾಲಿ ಸರಸಬ್ಯಾಡ್ರಿ. ಅಲ್ಲೇನೂ ಇಲ್ಲ... ಓದೂದು ಆತಾ? ಮುಂಡರಗಿ ಮುಟ್ಟಿದ ಮ್ಯಾಲ ಎಲ್ಲಾರ ಮುಂದ ಮಾಲಿ ತಗದು ತೋರಸಬೇಕಂತ ಮಾಡಿದ್ದೆ. "ಅತ್ತಿಯವರ ಆಶೀರ್ವಾದ." ಎಲ್ಲಾರೂ ತಂದಿ ತಾಯಿ ಆಶೀರ್ವಾದ ಅಂತ ಬರಸ್ತಾರ, ನಾ ಅತ್ತಿಯವರದ ಬರಸೀನಿ. ಕೆಂಪು ಅಕ್ಷರಾ. ನಿನ್ನಿ ಮುಂಜಾನಿ ಈ ಬೋರ್ಡ್ ನನ್ನ ಕೈಯಾರೆ ಜಾಳಿಗಿ ಮುಂದ ಸ್ಕ್ರೂ ಹಾಕಿ ಕೂಡಿಸಿದೆ. ಚಂದ ಐತಿಲ್ರಿ?

ಸ್ಕ್ರೂ ಯಾಕ ಮುಟ್ಟಿ ನೋಡಾಕತ್ತೀರಿ? ಉದ್ದನ್ನವು, ಹೌದ್ರಿ. ಗಟ್ಟಿ ಇರಲಿ ಅಂತ.

ಅತ್ತಿಯವರ?

ಅದು ಎಲ್ಲಿ ತನಕ ಹೋಗೈತಿ ಅಂತ ಬಗ್ಗಿ ನೋಡಬ್ಯಾಡ್ರಿ...

ನೋಡೇ ಬಿಟ್ರಿ.

ಆತ್ರಿ. ಗಾಡಿಗೆ ಏನೂ ಆಗಿದ್ದಿಲ್ಲ. ಅದು ಸವದಿಲ್ಲ, ಮುದುಕಾಗಿಲ್ಲ. ಮಾವಾರು ಹೋಗೂಮುಂದ ಹೆಂಗ ಇತ್ತೋ ನಿನ್ನಿ ಮುಂಜಾನಿ ತನಕ ಹಂಗ ಇತ್ತು. ನಿಮ್ಮ ಆಶೀರ್ವಾದ ಗಟ್ಟಿ ಕೂಡಸಾಕ ಹೋಗಿ ರೇಡಿಯೇಟರಿಗೆ ಚುಚ್ಚಿದಾಂವ ನಾನ. ಶಿವಯೋಗಿ ಅಣ್ಣಾರಿಗೆ ಹೇಳ್ರಿ, ಹಂದರದಾಗ ಕುಂತ ಮಂದಿಗೆಲ್ಲಾ ಹೇಳ್ರಿ, ನಾ ಏನೂ ಅನ್ನೂದಿಲ್ಲ. ಆದ್ರ ಗುಜರಿಗೆ ಹಾಕೂದಿದ್ರ ನನ್ನ ಹಾಕ್ರಿ ಅತ್ತಿಯವರ, ಗಾಡಿ ಬ್ಯಾಡ್ರಿ.