ನನ್ನ ಎದೆಯ ಯಂತ್ರ, ನನ್ನ ಸೊಸೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಊಟದ ಹೊತ್ತಾದರೂ ಕದಲದೆ ಕುಳಿತಿರುವ ಸಭಿಕರೇ,

ಇಂದಿನ ಸನ್ಮಾನ ನನ್ನ ಸೊಸೆಗೆ. ಮೈಕು ಮಾತ್ರ ನನ್ನ ಕೈಗೆ ಬಂದಿದೆ. ನಿಮ್ಮ ಕಂಪನಿಯ ಪೇಸ್‌ಮೇಕರ್ ಯಂತ್ರವೊಂದು ನನ್ನ ಎದೆಯೊಳಗೆ ಕೂತು ಹೃದಯ ನಡೆಸುತ್ತಿದೆ. ಅದರ ತಂತ್ರಾಂಶ ಬರೆಯುವವರಲ್ಲಿ ಅವಳೂ ಒಬ್ಬಳು. ಮೊದಲೆಲ್ಲ ನಾವಿಬ್ಬರೂ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವುದಕ್ಕೂ ನನ್ನ ಮಗನನ್ನು ನಡುವೆ ಕರೆಯುತ್ತಿದ್ದೆವು. ಇರಲಿ, ಅದನ್ನು ಮೈಕಿನಲ್ಲಿ ಹೇಳಬಾರದಿತ್ತು.

ಹಳೆಯ ತಂತ್ರಾಂಶದಲ್ಲಿ ದೋಷ ಸಿಕ್ಕಿತು. ಬ್ಯಾಟರಿ ಬೇಗ ಸವೆಯುತ್ತಿತ್ತು. ಯಂತ್ರ ಬದಲಿಸಬೇಕೆಂದರೆ ಮತ್ತೆ ಎದೆ ಕೊಯ್ಯಬೇಕು. ಇಲ್ಲವೇ ಚರ್ಮದ ಮೇಲಿನಿಂದಲೇ ಹೊಸ ತಂತ್ರಾಂಶ ಕಳಿಸಬೇಕು. ಆದರೆ ಹೃದಯಕ್ಕೆ ‘ರಿಪೇರಿ ನಡೆದಿದೆ, ನಾಳೆ ಬನ್ನಿ’ ಎಂದು ಬೋರ್ಡು ಹಾಕಲಾದೀತೇ?

ಕಂಪನಿ ದಿನ ಗೊತ್ತುಮಾಡಿತು. ಹೊಸ ತಂತ್ರಾಂಶ ಹಾಕಿಸಿಕೊಳ್ಳುವ ರೋಗಿಗಳ ಮೊದಲ ತಂಡದಲ್ಲೇ ನಾನಿದ್ದೆ. ಈ ಸಲ ಮಗನನ್ನು ಕರೆಯದೆ ಅಡುಗೆಮನೆಗೆ ಹೋಗಿ ನೇರವಾಗಿ ಕೇಳಿದೆ.

“ನಿಮ್ಮಮ್ಮನಿಗಾದ್ರೆ ಮಾಡಿಸ್ತಿದ್ಯೇನೇ?”

ಅವಳು ತೊಳೆಯುತ್ತಿದ್ದ ಪಾತ್ರೆ ಕೆಳಗಿಟ್ಟಳು. “ಈಗಲೇ ಇಲ್ಲ, ಅತ್ತೆ. ಕಳಿಸ್ತಾ ಇರೋವಾಗ ಅರ್ಧಕ್ಕೇ ಸಂಪರ್ಕ ಕಡಿದ್ರೆ ಏನಾಗತ್ತೆ ಅಂತ ಸರಿಯಾಗಿ ನೋಡಿಲ್ಲ.”

“ಆಫೀಸಲ್ಲಿ ಹೇಳಿದ್ಯಾ?”

“ಹೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.”

“ಸಿಟ್ಟು ಬಂದ್ರೆ ನನ್ನೆದುರು ಪಾತ್ರೆ ಕುಕ್ತೀಯಲ್ಲ, ಹಾಗೇ ಅಲ್ಲಿ ಮೇಜು ಕುಟ್ಟು!”

ಕುಟ್ಟಿದಳು. ಕೆಲಸವೇ ಹೋಗುವಷ್ಟು ಜೋರಾಗಿ ಕುಟ್ಟಿದಳು. ದಿನ ಮುಂದೆ ಹೋಯಿತು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು ನಗುತ್ತಿದ್ದಾರೆ, ಆಗ ನಗಲಿಲ್ಲವಂತೆ. ಅರ್ಧಕ್ಕೇ ಸಂಪರ್ಕ ಕಡಿದು ಪರೀಕ್ಷೆ ಮಾಡಿದರೆ ಯಂತ್ರ ನಿಂತೇಹೋಯಿತು. ಪುಣ್ಯಕ್ಕೆ ಅದು ಮೇಜಿನ ಮೇಲಿದ್ದ ಯಂತ್ರ. ಅವಳು ಮತ್ತೆ ಕೂತು ತಿದ್ದಿದಳು: ಹೊಸದು ಪೂರ್ತಿ ಬಂದು, ಸರಿಯಿದೆಯೆಂದು ಖಾತ್ರಿಯಾಗುವ ತನಕ ಹಳೆಯದೇ ಹೃದಯ ನಡೆಸಬೇಕು.

ಆಮೇಲೆ ನಾನು ಆಸ್ಪತ್ರೆಯ ಮಂಚದ ಮೇಲೆ ಮಲಗಿದೆ, ಸೊಸೆ ಪಕ್ಕದಲ್ಲೇ ನಿಂತಳು. ಅರ್ಧಕ್ಕೇ ಸಂಪರ್ಕ ಕಡಿದುಹೋಯಿತು! ಡಾಕ್ಟರು ಪರದೆಯತ್ತ ಬಾಗಿದರು.

“ಏನಾಯ್ತೇ?” ಎಂದೆ.

“ಏನಿಲ್ಲ ಅತ್ತೆ, ಹಳೇದೇ ನಡೀತಿದೆ. ಇನ್ನೊಂದ್ಸಲ ಕಳಿಸ್ತೀವಿ.”

ಕಳಿಸಿದರು. ಹೊಸದು ಯಾವಾಗ ಕೆಲಸಕ್ಕೆ ಕೂತಿತೋ ನನಗೆ ಗೊತ್ತೇ ಆಗಲಿಲ್ಲ. ಎದ್ದು ಸೊಸೆಯ ಮಣಿಕಟ್ಟು ಹಿಡಿದೆ. ನನ್ನ ಹೃದಯ ಸಾವಕಾಶವಾಗಿ ನಡೆದಿತ್ತು. ಅವಳ ನಾಡಿ ಓಡುತ್ತಿತ್ತು. ಅದು ಹದಕ್ಕೆ ಬರುವ ತನಕ ಕೈ ಬಿಡಲಿಲ್ಲ.

ಈಗಷ್ಟೇ ಓದಿದ ಸನ್ಮಾನಪತ್ರದಲ್ಲಿ ‘ಸಕಾಲದಲ್ಲಿ ಮುಗಿಸಿದ್ದಕ್ಕಾಗಿ’ ಎಂದಿದೆ. ಅಧ್ಯಕ್ಷರೇ, ದಯವಿಟ್ಟು ಅದನ್ನು ‘ತಡಮಾಡಿದ್ದಕ್ಕಾಗಿ’ ಎಂದು ತಿದ್ದಿಸಿ ಕೊಡಿ.

ಹಸಿವು ತಡೆದು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.