ಎರಡೂ ಕಡೆ ಹೆಡ್

ಪರರ ಮಾತಿಗೆ ಕಿವಿಗೊಡುವ ಚಾಳಿ ದರ್ಜಿಯಮ್ಮನಿಗೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅವಳ ಕಿವಿ ಈ ಸಲ ತಾನಾಗಿಯೇ ನಿಮಿರಿತು. ಎದುರಿನ ಹಳೇ ನಾಣ್ಯದ ಅಂಗಡಿಯಿಂದ ಬಂದ ನಡುವಯಸ್ಸಿನವನೊಬ್ಬ, ಅವಳ ಪಕ್ಕದಲ್ಲೇ ಬಸ್ಸಿಗೆ ಕಾಯುತ್ತಿದ್ದ ತನ್ನ ಅಕ್ಕನ ಜೊತೆ ಕೂತು ಒಂದು ನಾಣ್ಯವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ.

"ಎರಡೂ ಕಡೆ ಹೆಡ್ ಇದೆ, ಟಂಕಸಾಲೆಯವರ ತಪ್ಪು, ಲಕ್ಷ ಬರುತ್ತೆ ಅಂದಿದ್ಯಲ್ಲೋ?"

"ತಪ್ಪಲ್ವಂತೆ ಅಕ್ಕ. ಅಂಚಲ್ಲಿ ಕೂದಲೆಳೆಯಷ್ಟು ಗೆರೆ ಇದೆ ನೋಡು. ಎರಡು ನಾಣ್ಯ ಸೀಳಿ ಅಂಟಿಸಿದ್ದಾರಂತೆ. ಕವಡೆ ಕಾಸಿನ ಕಿಮ್ಮತ್ತಿಲ್ಲ."

"ಇಷ್ಟು ನಾಜೂಕಾಗಿ ಯಾರು ಮಾಡ್ತಾರೆ?"

"ಅಪ್ಪ ಲೇತ್ ಮೇಲೇ ಜೀವ ಸವೆಸಿದವರಲ್ವಾ."

ಅಕ್ಕ ಅಂಚಿನ ಗೆರೆಯ ಮೇಲೆ ಉಗುರಾಡಿಸಿದಳು.

"ಪಾತ್ರೆ ಯಾರು ತೊಳೀಬೇಕು ಅಂತ ಇದನ್ನೇ ಚಿಮ್ಮಿಸ್ತಿದ್ರು."

"ಹ್ಞೂಂ. ಚಿಕ್ಕವನು ಮೊದಲು ಹೇಳ್ಲಿ ಅಂತಿದ್ರು. ನಾನು ಯಾವಾಗ್ಲೂ ಹೆಡ್ ಅಂತಿದ್ದೆ."

"ಕಾಲೇಜಿಗೆ ಒಬ್ಬರನ್ನೇ ಕಳಿಸೋಕಾಗೋದು ಅಂದಾಗ್ಲೂ ಇದನ್ನೇ ಚಿಮ್ಮಿಸಿದ್ರು."

ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಕೊಂಡ ತಮ್ಮ.

"ನಂಗಿದು ಬೇಡ ಅಕ್ಕ. ನೀನೇ ಇಟ್ಕೋ."

"ಪುಕ್ಕಟೆ ಯಾಕೆ? ಚಿಮ್ಮಿಸು. ಗೆದ್ದವರು ಇಟ್ಕೊಳ್ಳೋದು. ಈ ಸಲ ನಾನು ಹೇಳ್ತೀನಿ."

ಅಷ್ಟರಲ್ಲಿ ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತೇ ನಾಣ್ಯ ಚಿಮ್ಮಿಸಿದ ತಮ್ಮ. ಬಾಗಿಲು ಮುಚ್ಚಿಕೊಳ್ಳುವ ಮುನ್ನ ಅಕ್ಕನ ದನಿ ದರ್ಜಿಯಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.

"ಟೇಲ್."